ಸೂಲಗಿತ್ತಿಯ ಮನೆಯ ಗೋಡೆ

"ಗುರುಗಳೇ, ಈ ಹಗ್ಗದಲ್ಲಿ ಯಾವುದಾದರೂ ಅಳತೆ ಬಿಟ್ಟುಹೋಗಿದೆಯೇ?" ಎಂದು ಶಿಷ್ಯ ಕೇಳಿದ.

ಶಿಷ್ಯನ ಹೆಸರು ಮರುಳಯ್ಯ. ಮಳೆಸೀಮೆಯ ಆ ಮಠದಲ್ಲಿ ಹನ್ನೆರಡು ವರ್ಷ ಓದಿದವನು. ಬಯಲುಸೀಮೆಯ ಶಾಖಾಮಠಕ್ಕೆ ಅವನನ್ನು ಕಳುಹಿಸುವುದು ನಿಶ್ಚಯವಾಗಿತ್ತು. ಅಲ್ಲಿ ನಲವತ್ತು ಮಕ್ಕಳಿದ್ದರು, ಅವರು ಕುಳಿತು ಓದಲು ಮನೆ ಇರಲಿಲ್ಲ. ಹೋದ ಮೇಲೆ ಅವನು ಮಾಡಬೇಕಾದ ಮೊದಲ ಕೆಲಸ ಆ ಮನೆಯನ್ನು ಕಟ್ಟಿಸುವುದು. ತಾನು ಓದಿದ ಪಾಠಶಾಲೆಯಂಥದೇ ಅಲ್ಲಿಯೂ ಎದ್ದು ನಿಲ್ಲಬೇಕೆಂದು ಅವನ ಆಸೆ. ಮೂರು ಕಡೆ ತೆರೆದ, ಎತ್ತರದ ಹೆಂಚಿನ ಮಾಡಿನ ಈ ಪಾಠಶಾಲೆಗಿಂತ ಚೆಲುವಾದ ಮನೆಯನ್ನು ಅವನು ಕಂಡಿರಲಿಲ್ಲ. ಮೂರು ದಿನ ಬೇರೆ ಕೆಲಸ ಬಿಟ್ಟು, ಅದರ ಉದ್ದ, ಅಗಲ, ಕಂಬದಿಂದ ಕಂಬಕ್ಕೆ ಇರುವ ದೂರ, ಮಾಡಿನ ಎತ್ತರ, ಎಲ್ಲವನ್ನೂ ಒಂದು ಹಗ್ಗಕ್ಕೆ ಗಂಟು ಹಾಕಿ ತಂದಿದ್ದ.

ಗುರುಗಳು ಹಗ್ಗವನ್ನು ತೆಗೆದುಕೊಂಡರು. ಒಂದೊಂದೇ ಗಂಟನ್ನು ಬೆರಳಲ್ಲಿ ಸವರಿದರು.

"ಗಂಟು ಬಿಗಿಯಾಗಿವೆ. ಅಲ್ಲಿ ಮನೆ ಕಟ್ಟುವುದು ಆಗದಿದ್ದರೂ ಎತ್ತು ಕಟ್ಟಲಿಕ್ಕಂತೂ ಆಗುತ್ತದೆ" ಎಂದರು. ಗುರುಗಳು ಹಗ್ಗವನ್ನು ತೊಡೆಯ ಮೇಲೆ ಇಟ್ಟುಕೊಂಡು ಕತೆ ಹೇಳತೊಡಗಿದರು.

ಮಳೆಸೀಮೆಯಲ್ಲಿ ಒಬ್ಬ ಶಿಲ್ಪಿ ಇದ್ದ. ಮನೆ ಕಟ್ಟುವುದರಲ್ಲಿ ಅವನದು ಎತ್ತಿದ ಕೈ. ಅವನು ಕಟ್ಟಿದ ಮಾಡು ಸೋರಿತೆಂದು ಯಾರೂ ಹೇಳಿದ್ದಿಲ್ಲ. ಸಮುದ್ರದ ಹತ್ತಿರ ದಾರಿಹೋಕರಿಗಾಗಿ ಒಂದು ತಂಗುಮನೆಯನ್ನು ಅವನು ಕಟ್ಟಿದ್ದ. ನಾಲ್ಕೂ ಕಡೆ ಮರದ ಜಾಲರಿ, ಮೇಲೆ ಎತ್ತರದ ಹೆಂಚಿನ ಮಾಡು. ಬೆವರಿ ಬಂದವರು ಅಲ್ಲಿ ಮಲಗಿದರೆ ಗಾಳಿಗೆ ಮೈಮರೆಯುತ್ತಿದ್ದರು.

ಹಾಗೆ ಮಲಗಿದವರಲ್ಲಿ ಬಯಲುಸೀಮೆಯ ಒಬ್ಬ ಗೌಡನೂ ಇದ್ದ. ಅವನಿಗೆ ಒಬ್ಬಳೇ ಮಗಳು. ಆ ಮಗಳನ್ನು ಹೆತ್ತು ಅವನ ಹೆಂಡತಿ ಕತ್ತಲೆ ಕೋಣೆಯಲ್ಲಿ ಕಣ್ಣು ಮುಚ್ಚಿದ್ದಳು. ಅವಳನ್ನು ತಿಂದದ್ದು ಆ ಕತ್ತಲೆಯೇ ಎಂದು ಗೌಡ ನಂಬಿದ್ದ. ಇಪ್ಪತ್ತು ವರ್ಷ ಅವನು ಆ ಕೋಣೆಯ ಬಾಗಿಲು ತೆರೆದಿರಲಿಲ್ಲ. ಈಗ ಮಗಳು ಬಸುರಿ. ಚೊಚ್ಚಲ ಹೆರಿಗೆ, ತವರಿಗೆ ಬರಬೇಕು. ದಿನ ತುಂಬುವುದು ವೈಶಾಖದಲ್ಲಿ.

ಬೆಳಗ್ಗೆ ಎದ್ದವನೇ ಗೌಡ ಶಿಲ್ಪಿಯನ್ನು ಹುಡುಕಿಕೊಂಡು ಹೋದ. "ನನ್ನ ಮಗಳ ಹೆರಿಗಿಗೆ ಒಂದು ಮನಿ ಬೇಕು. ಹೀಂಗ ಬೆಳಕಿರಬೇಕು, ಹೀಂಗ ಗಾಳಿ ಆಡಬೇಕು. ಇದೇ ಮನೀನ ನಮ್ಮೂರಾಗ ಕಟ್ಟಿ ಕೊಡು" ಎಂದ. ತಾನು ಕಟ್ಟಿದ್ದನ್ನು ಅಷ್ಟು ದೂರದಿಂದ ಬಂದವನು ಕೈಮುಗಿದು ಕೇಳುವಾಗ ಯಾವ ಶಿಲ್ಪಿ ಇಲ್ಲ ಎಂದಾನು?

ಶಿಲ್ಪಿ ಬಯಲುಸೀಮೆಗೆ ಬಂದದ್ದು ಮಾರ್ಗಶಿರ ಮಾಸದಲ್ಲಿ. ಆಗ ಆ ಸೀಮೆ ಬಲು ಹಿತ. ಹೊಲದಲ್ಲಿ ಜೋಳ ನಿಂತಿರುತ್ತದೆ, ಬಿಸಿಲು ಮೈಗೆ ಬೇಕೆನಿಸುತ್ತದೆ. ಅವನು ಊರನ್ನು ಒಂದು ಸುತ್ತು ಹಾಕಿದ. ಮನೆಗಳೆಲ್ಲ ಮೇಲೆ ಮಣ್ಣು ಹಾಸಿದ ಮಟ್ಟಸ ಮಾಳಿಗೆಯವು. ಗೋಡೆ ಎರಡು ಮೊಳಕ್ಕಿಂತ ದಪ್ಪ. ಬಾಗಿಲು ಒಂದೇ, ಅದೂ ತಲೆ ಬಗ್ಗಿಸಿ ಹೋಗುವಂಥದು. ಕಿಟಕಿ ಇಲ್ಲ. ಮಾಳಿಗೆಯಲ್ಲಿ ಗೇಣಗಲದ ಒಂದು ಬೆಳಕಿಂಡಿ, ಹಗಲಲ್ಲಿ ಅದಕ್ಕೂ ಮಡಕೆ ಬೋರಲು.

ಕಳ್ಳರ ಭಯ ಈ ಜನರನ್ನು ಇಲಿಗಳ ಹಾಗೆ ಬಿಲದಲ್ಲಿ ಕೂರಿಸಿದೆ ಎಂದುಕೊಂಡ ಶಿಲ್ಪಿ. ಅವನಿಗೆ ಮರುಕವಾಯಿತು. ಮರುಕಪಟ್ಟವನು ಯಾರನ್ನೂ ಏನನ್ನೂ ಕೇಳುವುದಿಲ್ಲ. ಅವನೂ ಕೇಳಲಿಲ್ಲ.

ಕೆಲಸದಲ್ಲಿ ಅವನು ಮೋಸ ಮಾಡುವವನಲ್ಲ. ಎರೆಮಣ್ಣನ್ನು ತೆಗೆಸಿ ಗಟ್ಟಿ ನೆಲ ಸಿಗುವವರೆಗೆ ಅಡಿಪಾಯ ಅಗೆಸಿದ. ಮರವನ್ನೂ ಹೆಂಚನ್ನೂ ತನ್ನ ಸೀಮೆಯಿಂದ ಬಂಡಿಗಳಲ್ಲಿ ತರಿಸಿದ. ಫಾಲ್ಗುಣ ಮುಗಿಯುವ ಹೊತ್ತಿಗೆ ಮನೆ ಎದ್ದಿತು. ಜಾಲರಿಯಿಂದ ಬಂದ ಬೆಳಕು ನೆಲದ ಮೇಲೆ ಹರಡಿದ್ದನ್ನು ಕಂಡು ಗೌಡ ಅತ್ತುಬಿಟ್ಟ. ಹೆಂಡತಿಗೆ ಕೊಡಲಾಗದ್ದನ್ನು ಮಗಳಿಗೆ ಕೊಟ್ಟೆ ಎಂದು ಅವನ ಮನಸ್ಸಿನಲ್ಲಿ.

ಮನೆ ನೋಡಲು ಊರ ಸೂಲಗಿತ್ತಿಯೂ ಬಂದಳು. ಮುಪ್ಪಿನ ಹೆಂಗಸು. ಊರಿನ ಮುಕ್ಕಾಲು ಪಾಲು ಜನ ಅವಳ ಕೈಯಲ್ಲೇ ಹುಟ್ಟಿದವರು. ನಾಲ್ಕೂ ಜಾಲರಿಯನ್ನು ಮುಟ್ಟಿ ನೋಡಿದಳು.

"ಇಷ್ಟು ಕಿಂಡಿ ಯಾಕಪ್ಪಾ?" ಎಂದಳು.

"ಬಾಣಂತಿಗೆ ಗಾಳಿ ಬೇಡವೇ ತಾಯಿ?" ಎಂದ ಶಿಲ್ಪಿ.

"ಯಾವ ತಿಂಗಳ ಗಾಳಿ?"

ಶಿಲ್ಪಿ ನಕ್ಕ. ಅವನ ಸೀಮೆಯಲ್ಲಿ ಗಾಳಿ ಎಂದರೆ ಗಾಳಿ. ಸಮುದ್ರದಿಂದ ಬರುತ್ತದೆ, ಮೈ ಆರಿಸುತ್ತದೆ, ಹೋಗುತ್ತದೆ. ಅದಕ್ಕೆ ತಿಂಗಳ ಲೆಕ್ಕ ಇದೆಯೆಂದು ಅವನು ಕೇಳಿರಲಿಲ್ಲ. ಅವನು ನಕ್ಕದ್ದನ್ನು ಕಂಡು ಸೂಲಗಿತ್ತಿ ಇನ್ನೇನೂ ಹೇಳದೆ ಹೊರಟುಹೋದಳು. ಅವಳೂ ಅಷ್ಟಕ್ಕೆ ಬಿಡಬಾರದಿತ್ತು ಎಂದು ನನಗೆ ಈಗಲೂ ಅನಿಸುತ್ತದೆ. ಆದರೆ ನಗುವವನ ಮುಂದೆ ಯಾರು ಎಷ್ಟು ಹೇಳಿಯಾರು?

ವೈಶಾಖ ಬಂದಿತು. ಮಗಳಿಗೆ ಮುಂಜಾವಿನಲ್ಲಿ ನೋವು ಕಾಣಿಸಿತು. ಅವಳನ್ನು ಹೊಸ ಮನೆಯಲ್ಲಿ ಮಲಗಿಸಿದರು. ಹೊತ್ತು ಏರಿದ ಹಾಗೆ ಹೆಂಚು ಕಾಯಿತು. ಬಯಲಿನ ಮೇಲಿಂದ ಬಿಸಿಗಾಳಿ ಎದ್ದು ನಾಲ್ಕೂ ಜಾಲರಿಯಿಂದ ಒಳಗೆ ನುಗ್ಗಿತು. ಗಾಳಿಯ ಜೊತೆ ದೂಳು ಬಂತು. ಜಾಲರಿಗೆ ಒದ್ದೆ ಸೀರೆ ಕಟ್ಟಿದರು. ಕೊಡದಲ್ಲಿ ಇನ್ನೊಂದು ಸಲ ನೀರು ತರುವಷ್ಟರಲ್ಲಿ ಸೀರೆ ಒಣಗಿ ಗರಿಗರಿಯಾಗಿತ್ತು.

ಸೂಲಗಿತ್ತಿ ಹೊರಗೆ ಬಂದು, "ಗೌಡ್ರ, ನಮ್ಮ ಮನಿಗೆ ಒಯ್ಯೂಣು ನಡೀರಿ" ಎಂದಳು. ಅವಳ ಮನೆ ಇಪ್ಪತ್ತು ಹೆಜ್ಜೆಯ ದೂರದಲ್ಲಿತ್ತು. ಗೌಡ ಅತ್ತ ನೋಡಿದ. ಗಿಡ್ಡ ಬಾಗಿಲು, ಅದರ ಹಿಂದೆ ಕತ್ತಲೆ. "ಆ ಕತ್ತಲ್ಯಾಗ ಇನ್ನೊಬ್ಬಾಕಿನ್ನ ನಾ ಕಳಿಸೂದಿಲ್ಲ" ಎಂದ. ಶಿಲ್ಪಿ ಅಲ್ಲೇ ನಿಂತಿದ್ದ. ಒಂದು ಮಾತು ಅವನು ಹೇಳಬಹುದಿತ್ತು. ತಾನು ಕಟ್ಟಿದ ಮನೆ, ಹೇಗೆ ಹೇಳಿಯಾನು?

ನೆತ್ತಿಯ ಮೇಲೆ ಸೂರ್ಯ ಇದ್ದಾಗ ಮಗು ಹುಟ್ಟಿತು. ಗಂಡು. ಹುಟ್ಟಿದಾಗ ಚೆನ್ನಾಗಿಯೇ ಅತ್ತಿತು. ಸಂಜೆಗೆ ಅಳು ಸಣ್ಣದಾಯಿತು. ಮರುದಿನ ತುಟಿ ಒಣಗಿತು, ಮೈ ಕಾವೇರಿತು, ಮೊಲೆ ಹಿಡಿಯಲಿಲ್ಲ. ಮೂರನೆಯ ದಿನ ಮಧ್ಯಾಹ್ನ, ಊರಿನಲ್ಲೇ ಅತ್ಯಂತ ಬೆಳಕಿನ ಮನೆಯಲ್ಲಿ, ಆ ಮಗು ತೀರಿಕೊಂಡಿತು.

ತಾಯಿಯೂ ಮಂಕಾಗಿ ಬಿದ್ದಿದ್ದಳು. ಸೂಲಗಿತ್ತಿ ಈ ಸಲ ಯಾರನ್ನೂ ಕೇಳಲಿಲ್ಲ. "ಮಂಚ ಎತ್ತರಿ" ಎಂದಳು. ಗೌಡ ಮಂಚದ ಒಂದು ತುದಿ ಹಿಡಿದ. ಶಿಲ್ಪಿ ಇನ್ನೊಂದು ತುದಿ ಹಿಡಿದ. ಇಪ್ಪತ್ತು ಹೆಜ್ಜೆ ನಡೆದು, ತಲೆ ಬಗ್ಗಿಸಿ, ಅವಳ ಮನೆಯ ಒಳಗೆ ಹೋದರು.

ಒಳಗೆ ಹೋದ ಶಿಲ್ಪಿಗೆ ಮೊದಲು ಏನೂ ಕಾಣಲಿಲ್ಲ. ಆಮೇಲೆ ಮೈಗೆ ತಿಳಿಯಿತು. ಅಲ್ಲಿ ತಂಪಿತ್ತು. ಹೊರಗೆ ನೆಲ ಕೆಂಡವಾಗಿದ್ದ ಹೊತ್ತಿನಲ್ಲಿ ಆ ಮನೆಯೊಳಗೆ ನೀರಿನ ಗಡಿಗೆಯ ಹತ್ತಿರ ಕುಳಿತ ಹಾಗಿತ್ತು. ಬಾಣಂತಿ ಎರಡು ಗುಟುಕು ಗಂಜಿ ಕುಡಿದು, ಮೂರು ದಿನದಲ್ಲಿ ಮೊದಲ ಸಲ ನಿದ್ದೆಹೋದಳು. ಶಿಲ್ಪಿ ಗೋಡೆಯ ಮೇಲೆ ಅಂಗೈ ಇಟ್ಟ. ತೆಗೆಯಲಿಲ್ಲ.

"ಈ ಗೋಡೆಗೆ ಇಷ್ಟು ದಪ್ಪ ಯಾರು ಗೊತ್ತುಮಾಡಿದರು ತಾಯಿ?" ಎಂದು ಕೇಳಿದ. ಆ ಊರಿಗೆ ಬಂದ ಮೇಲೆ ಕಲಿಯಬೇಕೆಂದು ಅವನು ಕೇಳಿದ ಮೊದಲ ಪ್ರಶ್ನೆ ಅದು.

ಸೂಲಗಿತ್ತಿ ಬಾಣಂತಿಯ ಕಾಲು ತಿಕ್ಕುತ್ತಲೇ ಹೇಳಿದಳು:

"ಮೊದಲ ಇಷ್ಟು ದಪ್ಪ ಇರಲಿಲ್ಲಪ್ಪಾ. ಇದು ನಮ್ಮತ್ತಿಯ ಅತ್ತಿ ಬಾಳಿದ ಮನಿ. ಆಕೀ ಮೊದಲನೇ ಕೂಸು ಬ್ಯಾಸಿಗ್ಯಾಗ ಹೋತು. ಆ ವರ್ಷ ಆಕಿ ಗ್ವಾಡಿಗೆ ಹೊರಗಿಂದ ಒಂದು ಗೇಣು ಮಣ್ಣು ಏರಿಸಿದಳು. ಎರಡನೇದು ಹೋತು, ಮತ್ತ ಒಂದು ಗೇಣು. ಮೂರನೇದು ಹೋತು, ಮತ್ತ ಒಂದು ಗೇಣು. ನಾಕನೇದು ಉಳೀತು. ಅದ ನಮ್ಮ ಮಾವ. ಆಮ್ಯಾಲ ಊರ ಮಂದಿ ಎಲ್ಲಾರೂ ಬಂದು ಈ ಗ್ವಾಡಿ ಅಳದು ಹೋದರು."

ಕಳ್ಳರ ಭಯ ಎಂದು ಶಿಲ್ಪಿ ತಿಳಿದಿದ್ದು ಇದೇ ಗೋಡೆಯನ್ನು. ಅವನು ಹೊರಗೆ ಬಂದು, ಆ ಗೋಡೆಗೆ ಬೆನ್ನು ಕೊಟ್ಟು, ಕತ್ತಲಾಗುವವರೆಗೆ ಕುಳಿತಿದ್ದ.

ಗೌಡ ಅವನನ್ನು ಬೈಯಲಿಲ್ಲ. ಇಂಥ ಮನೆ ಬೇಕೆಂದು ಕೇಳಿದವನು ತಾನೇ ಎಂಬುದು ಅವನಿಗೆ ಗೊತ್ತಿತ್ತು. ಊರಿಗೆ ಹೋಗು ಎಂದ. ಶಿಲ್ಪಿ ಹೋಗಲಿಲ್ಲ. ಒಂದು ವರ್ಷ ಆ ಊರಿನಲ್ಲೇ ಉಳಿದ. ಆ ವರ್ಷ ಅವನು ಒಂದು ಕಲ್ಲಿನ ಮೇಲೆ ಇನ್ನೊಂದು ಕಲ್ಲು ಇಡಲಿಲ್ಲ. ಆಷಾಢದ ಗಾಳಿ ಯಾವ ಕಡೆಯಿಂದ, ಮಾಘದ ಗಾಳಿ ಯಾವ ಕಡೆಯಿಂದ, ಯಾವುದಕ್ಕೆ ಕಿಂಡಿ ತೆರೆಯಬೇಕು, ಯಾವುದಕ್ಕೆ ಮುಚ್ಚಬೇಕು ಎಂದು ಸೂಲಗಿತ್ತಿಯ ಹಿಂದೆ ಮುಂದೆ ಕೇಳುತ್ತ ತಿರುಗಿದ. ಮಾಳಿಗೆಗೆ ಮಣ್ಣು ಹೊರುವವರ ಜೊತೆ ತಾನೂ ಬುಟ್ಟಿ ಹೊತ್ತ. ಎರಡನೆಯ ವೈಶಾಖದ ಬಿಸಿಲನ್ನೂ ಅಲ್ಲೇ ಕುಳಿತು ತಡೆದುಕೊಂಡ.

ಆಮೇಲೆ ತಾನು ಕಟ್ಟಿದ್ದನ್ನು ತಾನೇ ಬಿಚ್ಚಿದ. ಅದೇ ಅಡಿಪಾಯದ ಮೇಲೆ ಆ ಊರಿನವರಂಥದೇ ಮಣ್ಣಿನ ಮನೆ ಕಟ್ಟಿದ. ಹಗಲು ಮುಚ್ಚಿ ರಾತ್ರಿ ತೆರೆಯುವ ಎರಡು ಕಿಂಡಿಗಳನ್ನು ಮೇಲೆ ಇಟ್ಟ. ತನ್ನ ಸೀಮೆಯಿಂದ ಒಂದನ್ನೇ ಉಳಿಸಿಕೊಂಡ. ಸಂಜೆಯ ಬಿಸಿಲು ಬೀಳುವ ಪಡುವಣ ಗೋಡೆಗೆ ಅಗಲವಾದ ಸೂರು ಇಳಿಸಿದ. ಸೂಲಗಿತ್ತಿ ಬಂದು ನೋಡಿ, "ಇದು ನಮಗ ಹೊಳೆದಿರಲಿಲ್ಲ ನೋಡು" ಎಂದಳು.

ಮುಂದೆ ಎರಡು ವರ್ಷಕ್ಕೆ ಗೌಡನ ಮಗಳು ಮತ್ತೆ ತವರಿಗೆ ಬಂದಳು. ಚೈತ್ರದ ಕೊನೆಯಲ್ಲಿ ಆ ಮನೆಯಲ್ಲಿ ಹೆತ್ತಳು. ಬಾಗಿಲಲ್ಲಿ ನಿಂತ ಗೌಡ ಒಳಗಿನ ಕತ್ತಲೆಯಿಂದ ಮಗುವಿನ ಅಳು ಕೇಳಿದ. ಮರುದಿನವೂ ಕೇಳಿದ. ನಾಲ್ಕನೆಯ ದಿನವೂ ಕೇಳಿದ. ಆಗ ಅವನು ಹೋಗಿ, ಹೆಂಡತಿಯ ಕೋಣೆಯ ಬೀಗ ತೆಗೆದ.

ಮನೆ ಮುಗಿಸಿ ಶಿಲ್ಪಿ ತನ್ನ ಸೀಮೆಗೆ ಹೊರಟ ದಿನವೇ ಸೂಲಗಿತ್ತಿ ಹೊಸ ಮನೆಯ ಗೋಡೆಯನ್ನು ಕೈಯಲ್ಲಿ ಅಳೆದು ನೋಡಿದ್ದಳು. ಅವಳ ಮನೆಯ ಗೋಡೆಗಿಂತ ಅದು ಒಂದು ಗೇಣು ದಪ್ಪವಿತ್ತು. ಯಾಕೆ ಎಂದು ಅವಳು ಕೇಳಲಿಲ್ಲ. ಗೌಡನೂ ಕೇಳಲಿಲ್ಲ.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು. ಹೊರಗೆ ಮಳೆ ಹಿಡಿದಿತ್ತು. ಮೂರು ಕಡೆ ತೆರೆದ ಪಾಠಶಾಲೆಯಲ್ಲಿ ಮಕ್ಕಳು ಒಂದು ಹನಿಯೂ ತಾಗದೆ ಓದುತ್ತಿದ್ದರು. ಮರುಳಯ್ಯ ಅತ್ತ ನೋಡಿದ. ಬಯಲುಸೀಮೆಯ ನಲವತ್ತು ಮಕ್ಕಳನ್ನು ಅವನು ಇನ್ನೂ ಕಂಡಿರಲಿಲ್ಲ.

ಗುರುಗಳು ತೊಡೆಯ ಮೇಲಿದ್ದ ಹಗ್ಗವನ್ನು ಅವನ ಕೈಯಲ್ಲಿ ಇಟ್ಟರು.

"ಆ ಒಂದು ಗೇಣಿಗೆ ಇದರಲ್ಲಿ ಯಾವ ಗಂಟು ಹಾಕಿದ್ದೀಯೆ, ತೋರಿಸು."