ಕಲ್ಲಾದ ಮರದ ಪದಕ

ಕಲಿಕೆ ಮುಗಿಸಿ ಊರಿಗೆ ಹೊರಟ ಶಿಷ್ಯನೊಬ್ಬ ಗುರುವನ್ನು ಕೇಳಿದ: "ಹನ್ನೆರಡು ವರ್ಷ ಅಡುಗೆಯಮ್ಮ ನನಗೆ ಅನ್ನವಿಕ್ಕಿದ್ದಾರೆ. ಆ ಉಪಕಾರ ನನ್ನ ಮನಸ್ಸಿನಲ್ಲಿದೆ. ಅದನ್ನು ಬಾಯಿಬಿಟ್ಟು ಹೇಳಲೇಬೇಕೇ, ಗುರುಗಳೇ? ನನಗೆ ಸಂಕೋಚ."

ಗುರು ನಕ್ಕರು. "ಒಂದು ಕತೆ ಹೇಳುತ್ತೇನೆ ಕೇಳು. ಒಂದಕ್ಷರ ಸುಳ್ಳಿದ್ದರೂ ನನ್ನ ಗಡ್ಡ ನೀನೇ ಬೋಳಿಸಿಬಿಡು."

ಒಬ್ಬ ಸಾಣೆಗಾರನಿದ್ದ. ಹರಳುಗಳನ್ನು ಸಾಣೆಗಾಲಿಗೆ ಹಿಡಿದು ಹೊಳಪು ಬರಿಸುವುದು ಅವನ ಕಸುಬು. ಅವನು ತಿದ್ದಿದ ಹರಳಿನಲ್ಲಿ ಇಣುಕಿದವರಿಗೆ ತಮ್ಮ ನಾಳಿನ ಮುಖ ಕಾಣುತ್ತಿತ್ತು. ಅವನು ಗಾಲಿ ತಿರುಗಿಸುವಾಗ ಹೆಂಡತಿ ಪಕ್ಕದಲ್ಲಿ ಕೂತು ಗಿಂಡಿಯಿಂದ ಎಳೆಯಾಗಿ ನೀರು ಬಿಡುತ್ತಿದ್ದಳು.

ಒಬ್ಬ ವ್ಯಾಪಾರಿ ಕಲ್ಲಾದ ಮರದ ತುಂಡೊಂದನ್ನು ತಂದ. ಬೆಟ್ಟಗಳು ಇನ್ನೂ ಅಂಬೆಗಾಲಿಡುತ್ತಿದ್ದ ಕಾಲದಲ್ಲಿ ಹೂತುಹೋದ ಮರ ಅದು. ಮೈಯೆಲ್ಲ ಕಲ್ಲಾಗಿದ್ದರೂ ಒಳಗಿನ ಸುತ್ತುಗಳು ಹಾಗೇ ಉಳಿದಿದ್ದವು, ಕೆಂಪೊಂದು, ಜೇನುಬಣ್ಣದ್ದೊಂದು. ಮರವೆಂದೇ ನಂಬಿ ಕುಕ್ಕಿದ ಮರಕುಟಿಗವೊಂದು ಕೊಕ್ಕು ಡೊಂಕಾಗಿ, ಅಂದಿನಿಂದ ಗಿಳಿಗಳ ಜೊತೆ ಹಾರತೊಡಗಿತು.

"ಮಗಳ ಮದುವೆಗೆ ಇದು ಪದಕವಾಗಬೇಕು. ಇಂಥದ್ದು ಇನ್ನೊಂದಿಲ್ಲ. ಬಿರುಕು ಬಿಟ್ಟಿತೋ, ನೀನು ಮತ್ತೆ ಸಾಣೆ ಮುಟ್ಟಕೂಡದು" ಎಂದ ವ್ಯಾಪಾರಿ.

ಸಾಣೆಗಾರನಿಗೆ ಹುರುಪೇರಿತು. ಹೆಂಡತಿಗೆ ಹೇಳಿದ: "ನೀನು ಏಳು. ನನ್ನ ಕೈಗೆ ನೀರಿನ ಹಂಗೇ?"

"ಹಂಗು ನಿಮ್ಮ ಕೈಗಲ್ಲ ರೀ, ಕಲ್ಲಿಗೆ."

ಅವನು ಕೇಳಲಿಲ್ಲ. ಕಲ್ಲನ್ನು ಒಣ ಗಾಲಿಗೇ ಒತ್ತಿದ. ಕಲ್ಲು ಕಾದು ಕಿರುಗುಟ್ಟಿತು. ಹೆದರಿ ಗಿಂಡಿಗೆ ಕೈ ಚಾಚಿದ. ಅವಳು ಗಿಂಡಿಯನ್ನು ಆಚೆ ತಳ್ಳಿದಳು. "ಈಗ ನೀರು ತಾಗಿದರೆ ಒಡೆದೇಹೋಗುತ್ತೆ!" ಕಾದ ಕಲ್ಲನ್ನು ತಣ್ಣನೆಯ ನೆಲಕ್ಕೂ ಇಡಗೊಡದೆ ಸೆರಗಿನಲ್ಲಿ ಸುತ್ತಿಕೊಂಡಳು. ಅಂಗೈ ಸುಟ್ಟರೂ ಬಿಡದೆ, ಅದು ಮೆಲ್ಲಗೆ ಆರುವ ತನಕ ಹಿಡಿದು ಕೂತಳು. ಆಮೇಲೆ ಗಿಂಡಿ ಎತ್ತಿಕೊಂಡಳು. ಕಲ್ಲು ಉಳಿಯಿತು. ಅವನ ಕಸುಬೂ ಉಳಿಯಿತು.

ಪದಕ ಕಂಡ ವ್ಯಾಪಾರಿ, "ಆಹಾ, ಏನು ಕೈಯಪ್ಪಾ ನಿನ್ನದು!" ಎಂದ.

ಸಾಣೆಗಾರ ಹೆಂಡತಿಯ ಸುಟ್ಟ ಅಂಗೈಯನ್ನು ಎತ್ತಿ ತೋರಿಸಿದ. "ಕೈ ಎಂದರೆ ಇದು ಸ್ವಾಮಿ. ಇವಳಿಂದ ನಾನು ಸಾಣೆಗಾರ" ಎಂದ. ಅವಳಿಗೆ ಉರಿಯೆಲ್ಲ ಮರೆತುಹೋಯಿತು.

ಕತೆ ಕೇಳಿ ಶಿಷ್ಯನ ಕಣ್ಣು ತುಂಬಿತು. "ಎಂಥ ಮಾತಾಡಿದ, ಗುರುಗಳೇ!" ಎಂದ.

ಗುರು ಹೇಳಿದರು: "ಇಷ್ಟರಲ್ಲಿ ನಾನು ಸೇರಿಸಿದ್ದು ಒಂದೇ ಒಂದು ಸಣ್ಣ ವಿವರ, ಮಗು, ಅವನು ಬಾಯಿಬಿಟ್ಟು ಹೇಳಿದ್ದು. ನಿಜಕ್ಕೂ ಆ ಮಾತನ್ನು ಅವನು ಮನಸ್ಸಿನಲ್ಲೇ ಇಟ್ಟುಕೊಂಡಿದ್ದ."