ಬೆಟ್ಟಕ್ಕೆ ಹೊತ್ತ ಹರಕೆ ಕಾಯಿ

ನಂಜುಂಡಯ್ಯನ ಬಾಮೈದ ಪುಟ್ಟಮಾದಪ್ಪ ಹಿಟ್ಟಿನ ಮಿಲ್ಲಿನಲ್ಲಿ ದುಡಿದು ಬೇಸತ್ತಿದ್ದ. ಅವನಿಗಿದ್ದದ್ದು ಒಂದೇ ಆಸೆ. ಕಾಡಿನ ಬೆಟ್ಟ ಹತ್ತಿ, ಒಂದು ರಾತ್ರಿ ಗುಡಾರದಲ್ಲಿ ಮಲಗಿ, ಮಿಲ್ಲಿನ ಸದ್ದು ಕೇಳದ ಕಡೆ ಬೆಳಗು ನೋಡಬೇಕು.

“ನಾನು ಕರ್ಕೊಂಡು ಹೋಗ್ತೀನಿ ಬಾರೋ,” ಎಂದ ನಂಜುಂಡಯ್ಯ.

ಜಗಲಿಯ ಮೇಲೆ ಕೂತು ಎಲ್ಲ ಗೊತ್ತುಮಾಡಿದರು. ಅರಣ್ಯ ಇಲಾಖೆಯ ಅನುಮತಿ ಸಿಕ್ಕಿತು, ಗುಡಾರ ಬಾಡಿಗೆಗೆ ಬಂತು. ಬೇಸಿಗೆಯಲ್ಲಿ ಮೇಲೆ ಹನಿ ನೀರೂ ಇರುವುದಿಲ್ಲ, ಹೊತ್ತೇ ಹೋಗಬೇಕು ಎಂದು ಗಾರ್ಡು ಹೇಳಿದ್ದ. ಪುಟ್ಟಮಾದಪ್ಪ ಎರಡು ಕ್ಯಾನು ತೊಳೆದು ತುಂಬಿಸಿಟ್ಟ.

ಆ ಬೆಟ್ಟದ ನೆತ್ತಿಯಲ್ಲಿ ಬಸವಣ್ಣನ ಗುಡಿ. ನಮ್ಮ ಕಡೆ ಯಾರಾದರೂ ದೇವರಿರುವಲ್ಲಿಗೆ ಹೊರಟರೆ ಬೀದಿಯವರು ತಮ್ಮ ಹರಕೆಯ ಕಾಯಿ ಕೊಟ್ಟು ಕಳಿಸುವುದು ವಾಡಿಕೆ. ಎದುರುಮನೆ ಸಾವಂತ್ರಮ್ಮ ಮಗಳ ಹೆರಿಗೆಯ ಕಾಯಿ ತಂದಳು. ಅವಳನ್ನು ನೋಡಿ ಪಕ್ಕದವರು ತಂದರು, ಅವರನ್ನು ನೋಡಿ ಮೂಲೆಮನೆಯವರು. ಎಲ್ಲರಿಗೂ ನಂಜುಂಡಯ್ಯನದು ಒಂದೇ ಮಾತು: “ಆಗಲಿ ತಾಯಿ, ಕೊಡಿ.”

“ಬಾವ, ನಾವು ಹೋಗ್ತಿರೋದು ಬೆಟ್ಟಕ್ಕೋ, ಕಾಯಿ ಮಂಡಿಗೋ?”

“ಸುಮ್ನಿರೋ. ದೇವರ ಕೆಲಸ. ಬೇಡ ಅನ್ನೋಕೆ ಬಾಯಿ ಬರುತ್ತಾ?”

ಗುಡಾರ ನಂಜುಂಡಯ್ಯನ ಹೆಗಲಿಗೆ ಬಂತು, ಕಾಯಿಚೀಲ ಪುಟ್ಟಮಾದಪ್ಪನ ಬೆನ್ನಿಗೆ. ಹೊರಲಾರದೆ ಒಂದು ಕ್ಯಾನು ಮನೆಯಲ್ಲೇ ಉಳಿಯಿತು.

ಅರ್ಧ ಬೆಟ್ಟಕ್ಕೆ ನೀರು ಮುಗಿಯಿತು. ಬಂಡೆಗಳು ಕಾದಿದ್ದವು. ಪುಟ್ಟಮಾದಪ್ಪ ಒಂದು ಮರದ ಬುಡದಲ್ಲಿ ಕುಸಿದು ಕೂತ. ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿತ್ತು.

ನಂಜುಂಡಯ್ಯ ಗಾಬರಿಯಾಗಿ, ಒಂದು ಕಾಯಿ ಒಡೆದು ಕುಡಿಸಲು ಚೀಲಕ್ಕೆ ಕೈ ಹಾಕಿದ.

“ಬೇಡ ಬಾವ,” ಎಂದ ಅವನು. “ಬಸವಣ್ಣನಿಗೆ ಅಂತ ನಂಬಿ ಕೊಟ್ಟದ್ದು. ಕುಡಿದುಬಿಟ್ಟು ಅವರ ಮುಖ ಹೆಂಗೆ ನೋಡ್ಲಿ?”

ನಂಜುಂಡಯ್ಯನ ಕಣ್ಣು ತುಂಬಿತು. ಚೀಲದಲ್ಲಿ ಅವನದೂ ಒಂದು ಕಾಯಿ ಇತ್ತು, ಮಂಡಿನೋವಿನ ಹರಕೆಯದು. “ತಪ್ಪಾಯ್ತು ಬಸವಣ್ಣ,” ಎಂದು ಅದನ್ನೇ ಬಂಡೆಗೆ ಒಡೆದು, ನೀರನ್ನು ಬಾಮೈದನ ಬಾಯಿಗೆ ಬಿಟ್ಟ. ಅಷ್ಟು ನೀರಿಗೆ ಬೆಟ್ಟ ಇಳಿಯುವ ಶಕ್ತಿ ಬಂತು, ಹತ್ತುವ ಶಕ್ತಿ ಬರಲಿಲ್ಲ.

ಇಬ್ಬರೂ ಇಳಿದರು. ಗುಡಾರ ಬಿಚ್ಚಲೇ ಇಲ್ಲ.

ಮಾರನೆಯ ದಿನ ನಂಜುಂಡಯ್ಯ ತಲೆ ತಗ್ಗಿಸಿಕೊಂಡು ಸಾವಂತ್ರಮ್ಮನ ಕಾಯಿ ಹಿಂದಿರುಗಿಸಲು ಹೋದ. “ಮುಟ್ಟಿಸೋಕೆ ಆಗ್ಲಿಲ್ಲ ತಾಯಿ, ಕ್ಷಮಿಸಬೇಕು.”

“ಅಯ್ಯೋ, ಅದಕ್ಯಾಕೆ ಇಷ್ಟು ಸಂಕಟ?” ಎಂದಳು ಅವಳು. “ದೀಪಾವಳಿ ಕಳೆದ ಮೇಲೆ ನಾವೇ ಹೋಗೋರಿದ್ವಿ. ಹೆಂಗೂ ನೀವು ಹೊರಟಿದ್ರಲ್ಲ ಅಂತ ಕೊಟ್ಟೆ. ಭಾರ ಅಂತ ಒಂದು ಮಾತು ಹೇಳಿದ್ರೆ ನಾನು ಬೇಜಾರು ಮಾಡ್ಕೊತಿದ್ನಾ?”

ನಂಜುಂಡಯ್ಯ ಕಾಯಿ ಕೈಯಲ್ಲಿ ಹಿಡಿದೇ ಅವಳ ಮೆಟ್ಟಿಲ ಮೇಲೆ ಕೂತುಬಿಟ್ಟ.

ನೀತಿ: ಬೇಡವೆನ್ನಲು ನಾಚಿ ನಾವು ಹೂಂ ಅಂದದ್ದರ ಭಾರ ಬೀಳುವುದು ಜೊತೆಗಾರನ ಬೆನ್ನಿಗೆ. ಊರವರ ಹರಕೆಗೆ ಚೀಲ ಬಿಚ್ಚುವ ಮೊದಲು ಜೊತೆಯವನ ನೀರಿಗೆ ಜಾಗ ಮಾಡಿ. ದೇವರು ಇನ್ನೊಂದು ವರ್ಷ ಕಾದಾನು, ಬಾಯಾರಿದವನು ಕಾಯಲಾರ.