ಬುಟ್ಟಿಗೆ ಬಿದ್ದ ತುಂಡುಗಳು

ತುಂಗಭದ್ರೆಯ ದಂಡೆಯಲ್ಲಿ ಟೆಂಟು ಹಾಕಿ ಸಿನಿಮಾ ತೋರಿಸುತ್ತಿದ್ದ ಕಾಲದ ಮಾತು. ಅಲ್ಲಿ ಮಷಿನ್ ನಡೆಸುತ್ತಿದ್ದವರು ದಸ್ತಗೀರ್ ಉಸ್ತಾದರು. ಅವರ ಕೈಕೆಳಗೆ ಚೆನ್ನವೀರ ಏಳು ವರ್ಷದಿಂದ ಕೆಲಸ ಕಲಿಯುತ್ತಿದ್ದ. ಕೆಲಸ ಬಂದಿತ್ತು. ಮೂಗಿನ ತುದಿಯಲ್ಲಿದ್ದ ಕೋಪ ಮಾತ್ರ ಹೋಗಿರಲಿಲ್ಲ.

ಒಂದು ದಿನ ಉಸ್ತಾದರು ಅವನನ್ನು ಕರೆದರು.

“ನನ್ನ ಕಣ್ಣು ಮಂಜಾಗ್ತಿದೆ. ಮಷಿನ್ ನಿನ್ನ ಕೈಗೆ ಕೊಡಬೇಕು ಅಂತಿದೀನಿ. ಅದಕ್ಕೆ ಮುಂಚೆ, ನಮ್ಮ ಸಾಹಸದ ಚಿತ್ರ ಇದೆಯಲ್ಲ, ಅದರಲ್ಲಿ ಒಳ್ಳೇದೆಷ್ಟು, ಕೆಟ್ಟದ್ದೆಷ್ಟು, ತೂಗಿ ಹೇಳು.”

ಆ ಹಳೆಯ ಚಿತ್ರದ ಒಂದೇ ಒಂದು ಪ್ರಿಂಟು ಉಳಿದಿತ್ತು. ಅದು ಉಸ್ತಾದರ ಪೆಟ್ಟಿಗೆಯಲ್ಲಿತ್ತು. ಪ್ರತಿ ವರ್ಷ ಟೆಂಟು ಬಂದಾಗ ಜನ ಅದನ್ನೇ ಹಾಕಿ ಅಂತ ದುಂಬಾಲು ಬೀಳುತ್ತಿದ್ದರು. ಚೆನ್ನವೀರನಿಗೋ, ಅದರ ಹೆಸರೆತ್ತಿದರೆ ಮೈ ಉರಿಯುತ್ತಿತ್ತು.

“ತೂಗೋದೇನು ಬಂತು ಉಸ್ತಾದ್ರೇ? ಇನ್ನೂರು ಸಲ ನೋಡಿದೀನಿ. ಬಿಳಿ ಕುದುರೆ ಕಂದಕ ಹಾರ್ತದೆ, ಆಚೆ ಕಡೆ ಇಳಿಯೋದು ಕರಿ ಕುದುರೆ. ಹನ್ನೆರಡು ಜನ ಕತ್ತಿ ಹಿಡ್ಕೊಂಡು, ಒದೆ ತಿನ್ನೋಕೆ ಸಾಲಾಗಿ ನಿಂತಿರ್ತಾರೆ. ಇನ್ನು ಆ ತಾಯಿ. ರೀಲಿಗೊಂದು ಸಲ ಹೊಸ್ತಿಲ ಮೇಲೆ ಕೂತು ಅಳ್ತಾಳೆ. ತಲೆ ಚಿಟ್ಟು ಹಿಡೀತದೆ.”

“ಒಳ್ಳೇದು?”

“ಹಗ್ಗದ ಸೇತುವೆ ಮೇಲಿನ ಕಾಳಗ. ಅಂಥದ್ದು ಇನ್ನೊಂದಿಲ್ಲ. ಅದನ್ನ ತಗೊಂಡು ಹೋಗಿ ಈ ಕಸದ ಮಧ್ಯೆ ಹಾಕಿದಾರೆ.”

“ಕುದುರೆ ವಿಷಯಕ್ಕೆ ನನಗೂ ಮೂವತ್ತು ವರ್ಷದಿಂದ ಸಿಟ್ಟಿದೆ,” ಅಂದರು ಉಸ್ತಾದರು. “ಆದರೆ ನೀನಿನ್ನೂ ತೂಗಿಲ್ಲ.”

ಚೆನ್ನವೀರನಿಗೆ ಈ ಮಾತು ಚುಚ್ಚಿತು. ಏಳು ವರ್ಷ ರೀಲಿನ ಪೆಟ್ಟಿಗೆ ಹೊತ್ತಿದ್ದಕ್ಕೆ ಇದಾ ಬೆಲೆ ಅಂದುಕೊಂಡ. ಬಾಯಲ್ಲಿ ಹೇಳಿದರೆ ಈ ಮುದುಕನಿಗೆ ತಿಳಿಯುವುದಿಲ್ಲ, ಮಾಡಿಯೇ ತೋರಿಸ್ತೀನಿ ಅಂತ ಹಲ್ಲು ಕಚ್ಚಿದ.

ಕೋಪ ಬಂದವನ ಕೈಗೆ ಬ್ಲೇಡು ಸಿಗಬಾರದಿತ್ತು, ಸಿಕ್ಕಿತು. ಮಾರನೆಯ ದಿನ ಉಸ್ತಾದರು ಸ್ನಾನಕ್ಕೆ ಹೊಳೆಗೆ ಹೋದಾಗ ರೀಲು ಬಿಚ್ಚಿಕೊಂಡು ಕೂತ. ಕುದುರೆ ಹೋಯಿತು. ಸಾಲಾಗಿ ನಿಂತವರು ಹೋದರು. ತಾಯಿ ಕಂಡ ಕಂಡಲ್ಲೆಲ್ಲ ಕತ್ತರಿಸಿ ಬುಟ್ಟಿಗೆ ಎಸೆದ. ಉಳಿದದ್ದನ್ನು ಅಂಟು ಹಾಕಿ ಜೋಡಿಸಿದ. ಎಷ್ಟೋ ದಿನದ ಮೇಲೆ ಅವನ ಹೊಟ್ಟೆ ತಣ್ಣಗಾಯಿತು.

ಸಂಜೆ ಅದೇ ಚಿತ್ರದ ಮೊದಲ ಆಟಕ್ಕೆ ಟೆಂಟು ತುಂಬಿತು. ಮಷಿನ್ ಚೆನ್ನವೀರನಿಗೆ ಬಿಟ್ಟು ಉಸ್ತಾದರು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ನೋಡನೋಡುತ್ತಿದ್ದಂತೆ ಸೇತುವೆಯ ಕಾಳಗ ಬಂದೇ ಬಿಟ್ಟಿತು. ಮುಖಕ್ಕೆ ಮುಸುಕು ಕಟ್ಟಿಕೊಂಡ ಇಬ್ಬರು, ಕೆಳಗೆ ಪ್ರಪಾತ, ಖಣಖಣ ಕತ್ತಿ. ಬೇರೆ ದಿನವಾಗಿದ್ದರೆ ಸಿಳ್ಳೆಗೆ ಟೆಂಟು ಹಾರಿಹೋಗಬೇಕಿತ್ತು. ಇವತ್ತು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಇವರಿಬ್ಬರಲ್ಲಿ ನಮ್ಮವನ್ಯಾರು?” ಅಂತ ಯಾರೋ ಹೊಸಬ ಕೇಳಿದ.

ಮುಂದೆ ನೆಲದ ಮೇಲೆ ಕೂತಿದ್ದ ಹೊನ್ನವ್ವ ಎದ್ದು ನಿಂತಳು. ವರ್ಷ ವರ್ಷವೂ ಈ ಚಿತ್ರಕ್ಕೆ ತಪ್ಪದೆ ಬರುವ ಮುದುಕಿ.

“ತೋಳಿಗೆ ಬಟ್ಟೆ ಕಟ್ಟಿದಾನಲ್ಲ, ಅವನು ನಮ್ಮವನು. ಆದರೆ ಅವರವ್ವ ಸೆರಗು ಹರಿದು ಅದನ್ನ ಕಟ್ಟಿದ್ದು ಎಲ್ಲಿ ಬಂತು? ಏ ಮಷಿನ್ನಿನವನೇ, ಅವ್ವನ್ನ ಎಲ್ಲಿ ಬಚ್ಚಿಟ್ಟೀ?”

ಅಷ್ಟೇ ಸಾಕಾಯಿತು. ಕೂಗಾಟ ಎದ್ದಿತು. ಪರದೆಗೆ ಮಣ್ಣಿನ ಹೆಂಟೆ ಬಿತ್ತು. ಆಟ ನಿಂತಿತು.

ಉಸ್ತಾದರು ಮಷಿನ್ ಕೋಣೆಗೆ ಬಂದರು. ಬುಟ್ಟಿ ನೋಡಿದರು.

“ಈ ಜನಕ್ಕೆ ಏನು ಗೊತ್ತು?” ಚೆನ್ನವೀರ ಬುಸುಗುಡುತ್ತಿದ್ದ. “ಅಳು ಇಲ್ಲದಿದ್ದರೆ ಇವರಿಗೆ ಕಾಳಗಾನೂ ಬೇಡ.”

ಉಸ್ತಾದರು ಯಾವತ್ತೂ ಕೈ ಮಾಡಿದವರಲ್ಲ. ಅವತ್ತು ಕೈ ಎತ್ತಿದರು. ಎತ್ತಿದ ಕೈ ಅಲ್ಲೇ ನಿಂತಿತು. ಆಮೇಲೆ ಅದೇ ಕೈಯಿಂದ ಬುಟ್ಟಿ ಎಳೆದು ಅವನ ಮುಂದೆ ಸುರಿದರು.

“ಜೋಡಿಸು.”

ಚೆನ್ನವೀರ ಒಂದು ತುಂಡನ್ನು ದೀಪಕ್ಕೆ ಹಿಡಿದ. ತಾಯಿ, ಹೊಸ್ತಿಲು. ಇನ್ನೊಂದು ಹಿಡಿದ. ತಾಯಿ, ಹೊಸ್ತಿಲು. ಮೂರನೆಯದರಲ್ಲೂ ಅದೇ. ಯಾವುದು ಮೊದಲು, ಯಾವುದು ಆಮೇಲೆ, ಒಂದೂ ತಿಳಿಯಲಿಲ್ಲ.

“ಇನ್ನೂರು ಸಲ ನೋಡಿದೀನಿ ಅಂದೆಯಲ್ಲ,” ಅಂದರು ಉಸ್ತಾದರು.

“ಇವಳು ಬಂದಾಗಲೆಲ್ಲ ನಾನು ಬೀಡಿ ಸೇದೋಕೆ ಹೊರಗೆ ಹೋಗ್ತಿದ್ದೆ.”

ಹೇಳುತ್ತಿದ್ದಂತೆ ಅವನ ಸಿಟ್ಟು ಅವನ ಮೇಲೇ ತಿರುಗಿತು. ಇರುವುದೊಂದೇ ಪ್ರಿಂಟು, ಅದನ್ನೂ ಕೈಯಾರೆ ಹಾಳು ಮಾಡಿದ್ದ.

“ಈಗೇನು ಮಾಡಲಿ ಉಸ್ತಾದ್ರೇ? ಮಷಿನ್ ಬೇಡ ನನಗೆ. ಇದನ್ನ ಹೇಗೆ ಸರಿ ಮಾಡಲಿ, ಅಷ್ಟು ಹೇಳಿ.”

ಉಸ್ತಾದರು ತುಂಡುಗಳನ್ನು ಒಂದೊಂದಾಗಿ ಆರಿಸಿ ಮತ್ತೆ ಬುಟ್ಟಿಗೆ ತುಂಬಿದರು. ಬುಟ್ಟಿಯನ್ನು ಅವನ ಕೈಗೆ ಕೊಟ್ಟರು.

“ಹೊನ್ನವ್ವ ಹೊರಗೆ ನಿನ್ನನ್ನೇ ಬೈತಾ ಕೂತಿದಾಳೆ. ಹೋಗಿ ಅವಳ ಮುಂದೆ ಕೂರು. ಯಾವುದು ಎಲ್ಲಿಗೆ ಅಂತ ಅವಳು ಹೇಳಿದ ಹಾಗೆ ಜೋಡಿಸು. ಆ ಕುದುರೇನೂ ಬಿಡಬೇಡ.”